ಕಾಲೇಜಿಗೆ ನಾವು ತಯಾರಿಲ್ಲವೋ, ನಮಗೆ ಕಾಲೇಜು ತಯಾರಿಲ್ಲವೋ?

(ವಿದ್ಯಾರ್ಥಿ ನಿಲಯಗಳ ಗೆಳೆಯ ಗೆಳತಿಯರ ಅಧ್ಯಯನ ಶಿಬಿರದಲ್ಲಿ ಆಡಿದ ಮಾತುಗಳ ಬರಹ ರೂಪ)



ಕವಿತೆ ಓದೋಕೆ ಕರೆದಿದ್ದರೆ ನಮ್ಮ ಕೆಲಸ ಸುಲಭವಾಗುತ್ತಿತ್ತು. ಸರ್ಕಾರದ ಶಿಕ್ಷಣ ನೀತಿಯ ಬಗ್ಗೆ, ಸರ್ಕಾರಿ ಕಾಲೇಜುಗಳಿಗೆ ಬರುವ ದುಡ್ಡಿನ ಬಗ್ಗೆ ಮಾತಾಡಿ ಎಂದಿದ್ದೀರಿ. ಬಿ.ಎ. ಓದಿದವರು ನಾವು, ಲೆಕ್ಕ ಅಂದರೆ ಮೊದಲಿನಿಂದಲೂ ಹೆದರಿಕೆ. ಆದರೆ ಈ ಲೆಕ್ಕವನ್ನು ನಾವು ಮಾಡದೇ ಹೋದರೆ ನಮ್ಮ ಹೆಸರಿನಲ್ಲಿ ಬೇರೆ ಯಾರೋ ಮಾಡುತ್ತಾರೆ. ಇಷ್ಟು ವರ್ಷ ಆಗಿರೋದು ಅದೇ.

ಹಾಸ್ಟೆಲಿನ ನಮ್ಮ ರೂಮಿನಲ್ಲಿ ಆರು ಜನ ಇದ್ದೆವು. ಮಂಚ ನಾಲ್ಕು. ಎರಡನೇ ಸೆಮಿಸ್ಟರ್ ಶುರುವಾಗುವ ಹೊತ್ತಿಗೆ ಐದು ಜನ ಆದೆವು. ಹಬ್ಬಕ್ಕೆಂದು ಊರಿಗೆ ಹೋದ ಒಬ್ಬ ಗೆಳೆಯ ವಾಪಸು ಬರಲಿಲ್ಲ. ಅವನ ತಗಡಿನ ಟ್ರಂಕು ಮಂಚದ ಕೆಳಗೇ ಉಳಿಯಿತು. ಫೋನು ಮಾಡಿದರೆ "ಬರ್ತೀನಿ ಕಣ್ರೋ, ಸ್ಕಾಲರ್‌ಶಿಪ್ ಬಿದ್ದ ತಕ್ಷಣ ಬರ್ತೀನಿ" ಅಂದ. ಅಷ್ಟರಲ್ಲಿ ಬೆಂಗಳೂರಿನಲ್ಲಿ ಗಾರೆ ಕೆಲಸಕ್ಕೆ ಸೇರಿಕೊಂಡಿದ್ದ. ಸ್ಕಾಲರ್‌ಶಿಪ್ ಬಂತು, ಮುಂದಿನ ವರ್ಷದ ಮಳೆಗಾಲಕ್ಕೆ. ಅವನು ಬರಲಿಲ್ಲ. ಕಾಲೇಜಿನ ಹಾಜರಿ ಪುಸ್ತಕದಲ್ಲಿ ಅವನ ಹೆಸರಿನ ಮುಂದೆ ಸಾಲಾಗಿ 'ಗೈರು' ಎಂದು ಬಿತ್ತು, ಆಮೇಲೆ ಹೆಸರೇ ಹೋಯಿತು. ಯಾಕೆ ಬಿಟ್ಟ ಅನ್ನೋದನ್ನು ಬರೆಯಲು ಆ ಪುಸ್ತಕದಲ್ಲಿ ಜಾಗವೇ ಇರಲಿಲ್ಲ.

ಮೇಷ್ಟ್ರನ್ನು ಕೇಳಿದರೆ ಕಾರಣ ಸುಲಭವಾಗಿ ಸಿಕ್ಕಿತು. "ಅವನಿಗೆ ಬೇಸೇ ಇರ್ಲಿಲ್ಲ ಬಿಡ್ರಪ್ಪ."

ಗೆಳೆಯರೇ, ಈ ಮಾತನ್ನು ಕೇಳದವರು ಇಲ್ಲಿ ಯಾರಾದರೂ ಇದ್ದರೆ ಕೈ ಎತ್ತಿ. ಬೇಸ್ ಅಂದರೆ ಪಾಯ. ನಮಗೆ ಪಾಯ ಇಲ್ಲವಂತೆ. ಈ ನಾಡಿನ ಕಾಲೇಜು ಕಟ್ಟಡಗಳಿಗೆ ಪಾಯ ತೋಡಿದವರು, ಜಲ್ಲಿ ಹೊತ್ತವರು, ಗಾರೆ ಕಲಸಿದವರು ನಮ್ಮ ಅಪ್ಪ ಅವ್ವಂದಿರು. ಅವರ ಮಕ್ಕಳು ಅದೇ ಕಟ್ಟಡದ ಒಳಗೆ ಕಾಲಿಟ್ಟ ದಿನ 'ನಿಮಗೆ ಪಾಯ ಇಲ್ಲ' ಎಂದು ತೀರ್ಪು ಕೊಡುವ ಈ ವ್ಯವಸ್ಥೆಯನ್ನು ನಾವು ಒಂದೇ ಪ್ರಶ್ನೆ ಕೇಳಬೇಕಾಗಿದೆ: ಆ ಪಾಯ ಹಾಕುವ ಕೆಲಸ ಯಾರದಾಗಿತ್ತು?

ಸರ್ಕಾರದ ವರದಿಗಳು ಇದನ್ನೇ ಉದ್ದದ ಮಾತಿನಲ್ಲಿ ಹೇಳುತ್ತವೆ. 'ಉನ್ನತ ಶಿಕ್ಷಣಕ್ಕೆ ವಿದ್ಯಾರ್ಥಿಗಳ ಸಿದ್ಧತೆ' ಅಂತ ಒಂದು ಅಧ್ಯಾಯ, 'ಉನ್ನತ ಶಿಕ್ಷಣದ ಹಣಕಾಸು' ಅಂತ ಇನ್ನೊಂದು ಅಧ್ಯಾಯ. ನಾವು ಹೇಳೋದು ಇಷ್ಟೇ. ಇವು ಎರಡು ಅಧ್ಯಾಯ ಅಲ್ಲ. ನಮ್ಮ ಗೆಳೆಯನ ಬದುಕಿನಲ್ಲಿ ಇವೆರಡೂ ಒಂದೇ ವಾರದಲ್ಲಿ ಬಂದವು. ಇಂಗ್ಲಿಷಿನಲ್ಲಿ ಫೇಲಾದ ವಾರವೇ ಪರೀಕ್ಷೆ ಫೀಜಿಗೆ ದುಡ್ಡಿಲ್ಲದ ವಾರ. ದುಡ್ಡು ಇದ್ದಿದ್ದರೆ ಇನ್ನೊಂದು ಸಲ ಕೂತು ಬರೆಯುತ್ತಿದ್ದ. ಇಂಗ್ಲಿಷು ಬಂದಿದ್ದರೆ ಸಾಲ ಮಾಡಿಯಾದರೂ ಉಳಿಯುತ್ತಿದ್ದ. ಎರಡೂ ಇಲ್ಲದಾಗ ಬೆಂಗಳೂರಿನ ಬಸ್ಸು ಹತ್ತಿದ.

ಈಗ ಒಂದೊಂದಾಗಿ ನೋಡೋಣ.

ಮೊದಲು ಸ್ಕೂಲು. 2023ರಲ್ಲಿ ನಮ್ಮ ರಾಜ್ಯದ ಎಸ್ಸೆಸ್ಸೆಲ್ಸಿ ಫಲಿತಾಂಶ ನೂರಕ್ಕೆ 83.89. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಕಣ್ಣು ಹಾಕಿ ವೆಬ್‌ಕಾಸ್ಟಿಂಗ್ ಮಾಡಿದರು. ಫಲಿತಾಂಶ 73.40ಕ್ಕೆ ಇಳಿಯಿತು. ಅದೂ ಗ್ರೇಸ್ ಅಂಕವನ್ನು ನೂರಕ್ಕೆ 20ರವರೆಗೆ ಏರಿಸಿ ಕೊಟ್ಟ ಮೇಲೆ. ಗ್ರೇಸ್ ಇಲ್ಲದಿದ್ದರೆ ನೂರಕ್ಕೆ ಐವತ್ತು ಚಿಲ್ಲರೆ ಮಕ್ಕಳಷ್ಟೇ ಪಾಸು. 2025ರ ಅಕ್ಟೋಬರಿನಲ್ಲಿ ಪಾಸು ಅಂಕವನ್ನೇ 35ರಿಂದ 33ಕ್ಕೆ ಇಳಿಸುವುದಾಗಿ ಹೇಳಿದರು.

ಇದನ್ನು ಕೇಳಿ ಪೇಟೆಯವರು ನಕ್ಕರು. ನಾವು ನಗುವ ಹಾಗಿಲ್ಲ. ಕ್ಯಾಮೆರಾ ಹಾಕಿದ್ದು ತಪ್ಪು ಅಂತ ನಾವು ಹೇಳೋಲ್ಲ. ಮಾರ್ಚಿ ತಿಂಗಳಲ್ಲಿ ಮಕ್ಕಳನ್ನು ಕಾಯೋದಕ್ಕೆ ಕ್ಯಾಮೆರಾ ಸಿಗುತ್ತದೆ, ಜೂನ್ ತಿಂಗಳಲ್ಲಿ ಅದೇ ಮಕ್ಕಳಿಗೆ ಗಣಿತದ ಮೇಷ್ಟ್ರು ಯಾಕೆ ಸಿಗೋಲ್ಲ ಅನ್ನೋದು ನಮ್ಮ ಪ್ರಶ್ನೆ. ಪಾಸು ಅಂಕ ಇಳಿಸಿದರೆ ಕಾಲೇಜಿನ ಬಾಗಿಲವರೆಗೆ ಬರುವ ಮಕ್ಕಳ ಸಂಖ್ಯೆ ಏರುತ್ತದೆ, ಪತ್ರಿಕೆಯಲ್ಲಿ ಹಾಕೋಕೆ ಚೆನ್ನಾಗಿರುತ್ತದೆ. ಬಾಗಿಲು ದಾಟಿದ ಮೇಲೆ ಮಗು ಏನಾಯಿತು ಅಂತ ಯಾರು ನೋಡುತ್ತಾರೆ? 2021-22ರ ಅಖಿಲ ಭಾರತ ಉನ್ನತ ಶಿಕ್ಷಣ ಸಮೀಕ್ಷೆಯ ಪ್ರಕಾರ 18ರಿಂದ 23 ವಯಸ್ಸಿನವರಲ್ಲಿ ಕಾಲೇಜು ದಾಖಲಾತಿಯ ಪ್ರಮಾಣ ದೇಶದಲ್ಲಿ ನೂರಕ್ಕೆ 28.4, ಪರಿಶಿಷ್ಟ ಜಾತಿಯವರಲ್ಲಿ 25.9, ಪರಿಶಿಷ್ಟ ಪಂಗಡದವರಲ್ಲಿ 21.2. ಅಂತರ ಕಡಿಮೆಯಾಗುತ್ತಿದೆ ಅಂತ ಬೆನ್ನು ತಟ್ಟಿಕೊಳ್ಳುತ್ತಾರೆ. ಇದು ಸೇರಿದವರ ಲೆಕ್ಕ. ಟ್ರಂಕು ಬಿಟ್ಟು ಹೋದವರ ಲೆಕ್ಕ ಈ ಅಂಕಿಯಲ್ಲಿ ಇಲ್ಲ.

ಎರಡನೆಯದು ಭಾಷೆ. ಹತ್ತನೇ ಕ್ಲಾಸಿನವರೆಗೆ ಜೀವಕೋಶ, ದ್ಯುತಿಸಂಶ್ಲೇಷಣೆ, ವೇಗೋತ್ಕರ್ಷ ಅಂತ ಬಾಯಿಪಾಠ ಮಾಡಿದವರು ನಾವು. ಪಿಯುಸಿ ಸೈನ್ಸಿಗೆ ಸೇರಿದ ನಮ್ಮ ಗೆಳೆಯರಿಗೆ ಮೊದಲ ದಿನ ಮೇಡಂ 'ಸೆಲ್' ಅಂದಾಗ ನೆನಪಾದದ್ದು ಟಾರ್ಚಿನ ಸೆಲ್ಲು. ಹಿಂದಿನ ಬೆಂಚಿನಲ್ಲಿ ಕೂತು ಮೂರು ತಿಂಗಳು ಸುಮ್ಮನೆ ಬೋರ್ಡು ನೋಡಿದರು. ನಾಲ್ಕನೇ ತಿಂಗಳು ಆರ್ಟ್ಸಿಗೆ ಬಂದರು. ಆರ್ಟ್ಸು ಕೀಳಲ್ಲ, ನಾವೂ ಆರ್ಟ್ಸಿನವರೇ. ಆದರೆ ಆಸೆಪಟ್ಟು ಬರೋದು ಬೇರೆ, ತಳ್ಳಿಸಿಕೊಂಡು ಬರೋದು ಬೇರೆ. ಜೀವಕೋಶ ಗೊತ್ತಿರುವ ಮಗುವಿಗೆ 'ಸೆಲ್ ಅಂದರೆ ಅದೇ ಕಣಪ್ಪ' ಅಂತ ಹೇಳೋಕೆ ಎಷ್ಟು ಹೊತ್ತು ಬೇಕು? ಅಷ್ಟು ಹೊತ್ತನ್ನು ಕೊಡದ ವ್ಯವಸ್ಥೆ ಆ ಮಗುವಿಗೆ ದಡ್ಡ ಅಂತ ಹೆಸರಿಟ್ಟಿತು.

ಭಾಷೆಯ ಈ ಜಗಳ ನಮ್ಮ ಚಳವಳಿಗೆ ಹೊಸದೇನಲ್ಲ. 1973ರ ನವೆಂಬರಿನಲ್ಲಿ ಮೈಸೂರಿನಲ್ಲಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬೂಸಾ ಇದೆ ಎಂದದ್ದಕ್ಕೆ ಹೊಡೆತ ತಿಂದವರು ಹಾಸ್ಟೆಲಿನ ನಮ್ಮ ಅಣ್ಣಂದಿರು. ಅವರು ಮಂತ್ರಿ ಪದವಿಯನ್ನೇ ಬಿಡಬೇಕಾಯಿತು. ದಲಿತ ಮಕ್ಕಳು ಇಂಗ್ಲಿಷ್ ಕಲಿಯಬೇಕು ಎಂದದ್ದೇ ಅವರ ಅಪರಾಧ. ಕನ್ನಡದ ಪರ ಕಲ್ಲು ತೂರಿದ ಎಷ್ಟು ಮನೆಗಳ ಮೊಮ್ಮಕ್ಕಳು ಇವತ್ತು ಕನ್ನಡ ಮಾಧ್ಯಮದಲ್ಲಿ ಓದುತ್ತಿದ್ದಾರೆ ಅಂತ ಕೇಳಿದರೆ ಉತ್ತರ ನಿಮಗೇ ಗೊತ್ತು.

ಈಗ ಸುಖದೇವ್ ಥೋರಟ್ ಅವರ ಅಧ್ಯಕ್ಷತೆಯ ರಾಜ್ಯ ಶಿಕ್ಷಣ ನೀತಿ ಆಯೋಗ 2025ರ ಆಗಸ್ಟಿನಲ್ಲಿ ತನ್ನ ಅಂತಿಮ ವರದಿ ಕೊಟ್ಟಿದೆ. 5ನೇ ತರಗತಿಯವರೆಗೆ ಕನ್ನಡ ಅಥವಾ ಮಾತೃಭಾಷೆಯಲ್ಲಿ ಕಲಿಸಬೇಕು, ಎರಡು ಭಾಷೆ ಸಾಕು ಎಂದಿದೆ. ಥೋರಟ್ ನಮ್ಮವರು, ಯುಜಿಸಿ ಅಧ್ಯಕ್ಷರಾಗಿದ್ದವರು. ದೆಹಲಿಯ ಏಮ್ಸ್‌ನಲ್ಲಿ ನಮ್ಮ ವಿದ್ಯಾರ್ಥಿಗಳು ಅನುಭವಿಸುತ್ತಿದ್ದ ಜಾತಿ ತಾರತಮ್ಯವನ್ನು 2007ರಲ್ಲಿ ವರದಿ ಮಾಡಿ ಬಯಲಿಗೆಳೆದವರು. ಅವರ ಮಾತನ್ನು ನಾವು ಗೌರವದಿಂದ ಕೇಳುತ್ತೇವೆ. ಅವ್ವನ ಭಾಷೆಯಲ್ಲಿ ಮಗು ಬೇಗ ಕಲಿಯುತ್ತದೆ, ನಿಜ. ಆದರೆ ಕನ್ನಡದ ದಡದಿಂದ ಇಂಗ್ಲಿಷಿನ ದಡಕ್ಕೆ ಸೇತುವೆ ಕಟ್ಟದೆ, ಮಧ್ಯೆ ನಮ್ಮ ಮಕ್ಕಳನ್ನು ಹೊಳೆಗೆ ಇಳಿಸಿದರೆ ಆ ನೀತಿ ಕಾಗದದ ಮೇಲೆ ಮಾತ್ರ ಒಳ್ಳೆಯದು. ದುಡ್ಡಿದ್ದವರ ಮಕ್ಕಳು ದೋಣಿಯಲ್ಲಿ ಹೋಗುತ್ತಾರೆ. ಮುಳುಗೋರು ಯಾರು?

ಮೂರನೆಯದು ದುಡ್ಡು. ಇಲ್ಲಿ ಬಾಬಾಸಾಹೇಬರ ಬದುಕಿನ ಒಂದು ಸಂಗತಿಯನ್ನು ನೆನೆಯೋಣ. ಗೋಡೆಯ ಮೇಲಿನ ಅವರ ಫೋಟೋ ನೋಡುತ್ತೇವೆ, ಕೈಯ ಪುಸ್ತಕ ನೋಡುತ್ತೇವೆ. ಆ ಪುಸ್ತಕದ ಹಿಂದಿನ ರಸೀದಿ ನೋಡೋಲ್ಲ. 1913ರಲ್ಲಿ ಬರೋಡ ಮಹಾರಾಜ ಸಯಾಜಿರಾವ್ ಗಾಯಕವಾಡರ ವಿದ್ಯಾರ್ಥಿವೇತನದಿಂದ ಅವರು ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೋದರು. 1916ರಲ್ಲಿ ಲಂಡನ್ನಿಗೆ ಬಂದರು. 1917ರಲ್ಲಿ ವೇತನದ ಅವಧಿ ಮುಗಿಯಿತು, ಓದು ಅರ್ಧಕ್ಕೆ ನಿಂತಿತು, ವಾಪಸು ಬಂದರು. ಬಾಂಬೆಯ ಸಿಡೆನ್‌ಹ್ಯಾಂ ಕಾಲೇಜಿನಲ್ಲಿ ಪಾಠ ಹೇಳಿ ದುಡ್ಡು ಕೂಡಿಟ್ಟು, ಗೆಳೆಯರ ಹತ್ತಿರ ಸಾಲ ಪಡೆದು, ಕೊಲ್ಲಾಪುರದ ಶಾಹು ಮಹಾರಾಜರ ನೆರವಿನಿಂದ 1920ರಲ್ಲಿ ಮತ್ತೆ ಲಂಡನ್ನಿಗೆ ಹೋದರು. 1923ರಲ್ಲಿ ಡಿ.ಎಸ್ಸಿ. ಪಡೆದರು.

ಲೆಕ್ಕ ಹಾಕಿ ಗೆಳೆಯರೇ. ಬಾಬಾಸಾಹೇಬರಂಥ ಮೇಧಾವಿಯ ಓದು ಕೂಡಾ ದುಡ್ಡು ನಿಂತ ದಿನ ನಿಂತಿತು. ಅವರಿಗೆ 'ಬೇಸ್' ಇರಲಿಲ್ಲವೇ? ಇತ್ತು. ಇಲ್ಲದ್ದು ಲಂಡನ್ನಿನ ಮನೆ ಬಾಡಿಗೆ. ಅವರಿಗೆ ಮೂರು ವರ್ಷ ಕಾದು ಹಿಂತಿರುಗುವ ಛಲ ಇತ್ತು, ಇಬ್ಬರು ಮಹಾರಾಜರಿದ್ದರು. ಬೆಂಗಳೂರಿಗೆ ಗಾರೆ ಕೆಲಸಕ್ಕೆ ಹೋದ ನಮ್ಮ ಗೆಳೆಯನಿಗೆ ಯಾವ ಮಹಾರಾಜ ಇದ್ದಾನೆ? ಪ್ರಜಾಪ್ರಭುತ್ವದಲ್ಲಿ ಮಹಾರಾಜನ ಜಾಗದಲ್ಲಿ ಇರಬೇಕಾದದ್ದು ಬಜೆಟ್ಟು.

ಇದನ್ನು ಅರಿತೇ, ಬಾಬಾಸಾಹೇಬರು ವೈಸರಾಯರ ಕಾರ್ಯಕಾರಿ ಮಂಡಳಿಯಲ್ಲಿದ್ದ ಕಾಲದಲ್ಲಿ, 1944ರಲ್ಲಿ ಪರಿಶಿಷ್ಟ ಜಾತಿಯವರ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಶುರುವಾಯಿತು. ನಾವೆಲ್ಲ ಇವತ್ತು ಕೈ ಚಾಚಿ ಕಾಯುವ ಸ್ಕಾಲರ್‌ಶಿಪ್ ಅದೇ. ಅದು ಭಿಕ್ಷೆ ಅಲ್ಲ. ಎಂಬತ್ತು ವರ್ಷ ಹಳೆಯ ನಮ್ಮ ಹಕ್ಕು.

ಆ ಹಕ್ಕಿನ ಗತಿ ಏನಾಗಿದೆ? 2020ರ ಡಿಸೆಂಬರಿನಲ್ಲಿ ಕೇಂದ್ರ ಸಂಪುಟ ಐದು ವರ್ಷಕ್ಕೆ 59,048 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತು. ನೂರಕ್ಕೆ 60 ಕೇಂದ್ರದ್ದು, 40 ರಾಜ್ಯದ್ದು. ಅದಕ್ಕೆ ಮೊದಲಿನ ವರ್ಷಗಳಲ್ಲಿ ರಾಜ್ಯಗಳ ಮೇಲೆಯೇ ಹೊರೆ ಬಿದ್ದು ಯೋಜನೆ ಸೊರಗಿತ್ತು. ಆದ್ದರಿಂದ ಇದು ಒಳ್ಳೆಯ ಹೆಜ್ಜೆಯೇ. ಆದರೆ ಒಳಗಿನ ಬೀಗ ನೋಡಿ. ರಾಜ್ಯ ತನ್ನ 40 ಹಾಕಿದ ಮೇಲೆ ಕೇಂದ್ರದ 60 ನಮ್ಮ ಖಾತೆಗೆ ಬೀಳಬೇಕು. ರಾಜ್ಯ ತಡ ಮಾಡಿದರೆ ಕೇಂದ್ರವೂ ತಡ. ನಡುವೆ ನಾಡಕಚೇರಿಯ ಜಾತಿ ಪತ್ರ, ಎರಡೂವರೆ ಲಕ್ಷದ ಮಿತಿಯ ಆದಾಯ ಪತ್ರ, ಆಧಾರ್ ಜೋಡಣೆ. ಆಧಾರ್‌ನಲ್ಲಿ 'ಲಕ್ಷ್ಮಮ್ಮನ ಮಗ ರವಿ' ಅಂತ, ಮಾರ್ಕ್ಸ್ ಕಾರ್ಡಿನಲ್ಲಿ 'ರವಿಕುಮಾರ್ ಎಲ್.' ಅಂತ ಇದ್ದರೆ ಒಂದು ವರ್ಷ ಹೋಯಿತು.

ಬಂದರೂ ಎಷ್ಟು ಬರುತ್ತದೆ? ಕೇಂದ್ರದ ನಿಯಮದಲ್ಲಿ ಫೀಜು ಬಿಟ್ಟು ಓದಿನ ಭತ್ಯೆ ಅಂತ ಬಿ.ಎ. ಓದುವ ಹಾಸ್ಟೆಲ್ ವಿದ್ಯಾರ್ಥಿಗೆ ವರ್ಷಕ್ಕೆ 6,000 ರೂಪಾಯಿ, ಮನೆಯಿಂದ ಬರುವವರಿಗೆ 3,000. ಮುನ್ನೂರ ಅರವತ್ತೈದು ದಿನಕ್ಕೆ ಭಾಗಿಸಿದರೆ ಮನೆಯಿಂದ ಬರುವವರಿಗೆ ದಿನಕ್ಕೆ ಎಂಟು ರೂಪಾಯಿ ಚಿಲ್ಲರೆ. ಎಂಟು ರೂಪಾಯಿಗೆ ಕಾಲೇಜಿನ ಮುಂದಿನ ಅಂಗಡಿಯಲ್ಲಿ ಒಂದು ಟೀ ಬರೋಲ್ಲ.

ಸಣ್ಣ ಮೊತ್ತ ಅಂತ ಯಾರೂ ಹಗುರವಾಗಿ ಮಾತಾಡಬೇಡಿ. 2024ರಲ್ಲಿ ಉತ್ತರ ಪ್ರದೇಶದ ಮುಜಫ್ಫರ್‌ನಗರ ಜಿಲ್ಲೆಯ ಒಬ್ಬ ದಿನಗೂಲಿಯ ಮಗ, ನಮ್ಮ ಹುಡುಗ, ಧನಬಾದಿನ ಐಐಟಿಯಲ್ಲಿ ಸೀಟು ಗಿಟ್ಟಿಸಿದ. ಸೀಟು ಉಳಿಸಿಕೊಳ್ಳಲು ಕಟ್ಟಬೇಕಾದದ್ದು 17,500 ರೂಪಾಯಿ. ಮನೆಯವರು ಅಲ್ಲಿ ಇಲ್ಲಿ ಕೇಳಿ ಹೊಂದಿಸುವಷ್ಟರಲ್ಲಿ ಸಂಜೆ ಐದು ಗಂಟೆ ಆಗಿ ಕಂಪ್ಯೂಟರ್ ಬಾಗಿಲು ಹಾಕಿಕೊಂಡಿತು. ಸೀಟು ಹೋಯಿತು. ಆ ಹುಡುಗ ಸುಪ್ರೀಂ ಕೋರ್ಟಿನವರೆಗೆ ಹೋದ. ಸೆಪ್ಟೆಂಬರ್ 30ರಂದು ಕೋರ್ಟು ತನ್ನ ವಿಶೇಷ ಅಧಿಕಾರ ಬಳಸಿ ಸೀಟು ಕೊಡಿಸಿತು. ಈ ಹುಡುಗನಿಗೆ 'ಬೇಸ್' ಇಲ್ಲ ಅಂತ ಯಾವ ಮೇಷ್ಟ್ರು ಹೇಳಬಲ್ಲ? ಐಐಟಿ ಪರೀಕ್ಷೆ ಗೆದ್ದವನನ್ನೂ ಗಡಿಯಾರ ಸೋಲಿಸಿತು. ಸುಪ್ರೀಂ ಕೋರ್ಟಿನವರೆಗೆ ಹೋಗಲಾರದೆ ಐದು ಗಂಟೆಗೇ ಸೋತುಹೋದ ಮಕ್ಕಳು ಎಷ್ಟು ಮಂದಿಯೋ!

ಹೈದರಾಬಾದ್ ವಿಶ್ವವಿದ್ಯಾಲಯದ ರೋಹಿತ್ ವೇಮುಲ 2016ರ ಜನವರಿ 17ರಂದು ನಮ್ಮನ್ನು ಅಗಲಿದಾಗ ಅವನಿಗೆ ಬರಬೇಕಾಗಿದ್ದ ಏಳು ತಿಂಗಳ ಫೆಲೋಶಿಪ್ ಹಣ ಬಾಕಿ ಇತ್ತು. ಆ ಸಾವಿಗೆ ದುಡ್ಡೊಂದೇ ಕಾರಣ ಅಂತ ನಾವು ಹೇಳೋಲ್ಲ. ಆದರೆ ಸಾಯುವ ಹೊತ್ತಿನಲ್ಲೂ ಒಬ್ಬ ವಿದ್ಯಾರ್ಥಿ ಬಾಕಿಯ ಲೆಕ್ಕ ಬರೆಯಬೇಕಾಗಿ ಬಂದ ದೇಶ ಇದು.

ಆದ್ದರಿಂದ ನೆನಪಿಡಿ. ದುಡ್ಡು ಎಷ್ಟು ಅನ್ನುವುದು ಬಜೆಟ್ ಭಾಷಣದಲ್ಲಿ ಇರುತ್ತದೆ. ದುಡ್ಡು ಯಾವಾಗ ಅನ್ನುವುದರಲ್ಲಿ ನಮ್ಮ ಮಕ್ಕಳ ಬದುಕು ಇರುತ್ತದೆ. ತಾರೀಖೇ ನೀತಿ.

ನಾಲ್ಕನೆಯದು ಕಾಲೇಜು. ರಾಜ್ಯದಲ್ಲಿ 430 ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಿವೆ. ನಮ್ಮ ಮಕ್ಕಳು ಹೆಚ್ಚಾಗಿ ಓದೋದು ಅಲ್ಲೇ. ಅಲ್ಲಿ ಪಾಠ ಮಾಡುವವರಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಮಂದಿ ಅತಿಥಿ ಉಪನ್ಯಾಸಕರು. 2023ರ ಕೊನೆಯಲ್ಲಿ ಅವರು ಸೇವಾ ಭದ್ರತೆ ಕೇಳಿ ತರಗತಿ ಬಿಟ್ಟು ಬೀದಿಗೆ ಇಳಿದಾಗ ಕಾಲೇಜುಗಳು ಬಣಗುಟ್ಟಿದವು. ಅತಿಥಿ ಅಂದರೆ ಬಂದು ಹೋಗುವವರು. ಹತ್ತು ಹದಿನೈದು ವರ್ಷದಿಂದ ಪಾಠ ಮಾಡುವವರನ್ನು ಅತಿಥಿ ಅನ್ನುವ ಮನೆಯಲ್ಲಿ ಯಜಮಾನ ಯಾರು? ನಾಳೆ ತಾನೇ ಇರುತ್ತೇನೋ ಇಲ್ಲವೋ ಗೊತ್ತಿಲ್ಲದ ಮೇಷ್ಟ್ರು ನಮ್ಮ ಹಿಂದಿನ ಬೆಂಚಿನ ಹುಡುಗಿಯ ಇಂಗ್ಲಿಷನ್ನು ಮೂರು ವರ್ಷ ಕೈಹಿಡಿದು ತಿದ್ದುವುದು ಹೇಗೆ? ಅವರಲ್ಲಿ ನಮ್ಮ ಕೇರಿಯವರೂ ಬಹಳ ಮಂದಿ. ಅವರ ಹೋರಾಟವೂ ನಮ್ಮ ಹೋರಾಟವೂ ಒಂದೇ.

ಹಾಗೇ ವಿಶ್ವವಿದ್ಯಾಲಯಗಳು. ಚಾಮರಾಜನಗರ, ಹಾವೇರಿ, ಕೊಪ್ಪಳ, ಹಾಸನ, ಕೊಡಗು, ಬಾಗಲಕೋಟೆ ಅಂತ ಜಿಲ್ಲೆಗೊಂದು ಬೋರ್ಡು ಬರೆಸಿ ಒಂದು ಸರ್ಕಾರ ಹೋಯಿತು. ಕಟ್ಟಡ ಇಲ್ಲ, ಮೇಷ್ಟ್ರಿಲ್ಲ, ದುಡ್ಡಿಲ್ಲ. 2025ರ ಫೆಬ್ರುವರಿಯಲ್ಲಿ ಇನ್ನೊಂದು ಸರ್ಕಾರದ ಸಂಪುಟ ಉಪಸಮಿತಿ ಇಂಥ ಒಂಬತ್ತು ವಿಶ್ವವಿದ್ಯಾಲಯ ಮುಚ್ಚುವ ಮಾತು ಎತ್ತಿತು. ಇವನ್ನು ನಡೆಸಲು 342 ಕೋಟಿ ಬೇಕು, ಎಲ್ಲಿಂದ ತರೋಣ ಎಂದರು. ದುಡ್ಡಿಲ್ಲದೆ ಹುಟ್ಟಿಸಿದವರದೂ ತಪ್ಪು, ದುಡ್ಡಿಲ್ಲ ಎಂದು ಕತ್ತು ಹಿಸುಕಲು ಹೊರಟವರದೂ ತಪ್ಪು. ಹುಟ್ಟಿಸುವಾಗಲೂ ಚಾಮರಾಜನಗರದ ಹುಡುಗಿಯನ್ನು ಯಾರೂ ಕೇಳಲಿಲ್ಲ, ಮುಚ್ಚುವಾಗಲೂ ಕೇಳಲಿಲ್ಲ. ಮನೆಯ ಹತ್ತಿರ ಎಂ.ಎ. ಇದೆ ಅಂತ ಅವಳನ್ನು ಓದೋಕೆ ಬಿಟ್ಟ ಅಪ್ಪ, ದೂರದ ಊರಿಗೆ ಕಳಿಸುತ್ತಾನಾ? ಲಗ್ನ ಮಾಡಿ ಕಳಿಸುತ್ತಾನೆ.

ದುಡ್ಡು ಎಲ್ಲಿಂದ ತರೋಣ ಅನ್ನೋ ಪ್ರಶ್ನೆಗೆ ಬಾಬಾಸಾಹೇಬರು 1927ರಲ್ಲೇ ದಾರಿ ತೋರಿದ್ದಾರೆ. ಬಾಂಬೆ ವಿಧಾನ ಪರಿಷತ್ತಿನಲ್ಲಿ ಶಿಕ್ಷಣದ ಅನುದಾನದ ಮೇಲೆ ಮಾತಾಡುತ್ತಾ ಅವರು ಎರಡು ಅಂಕಿ ಎದುರೆದುರು ಇಟ್ಟರು. ಸರ್ಕಾರ ತಲೆಗೆ 14 ಆಣೆ ಶಿಕ್ಷಣಕ್ಕೆ ಖರ್ಚು ಮಾಡುತ್ತದೆ, ಅದೇ ತಲೆಯಿಂದ ಹೆಂಡದ ಸುಂಕ ಎರಡು ರೂಪಾಯಿಗೂ ಮೇಲೆ ಎಳೆಯುತ್ತದೆ ಎಂದರು. ಪ್ರಾಥಮಿಕ ಶಾಲೆಗೆ ಸೇರಿದ ನೂರು ಮಕ್ಕಳಲ್ಲಿ ನಾಲ್ಕನೇ ತರಗತಿ ಮುಟ್ಟುವವರು 18 ಮಾತ್ರ ಎಂದೂ ತೋರಿಸಿದರು. ನಾವು ಅದೇ ಲೆಕ್ಕವನ್ನು ಇವತ್ತು ಮಾಡೋಣ. ಕರ್ನಾಟಕ 2025-26ರ ಬಜೆಟ್ಟಿನಲ್ಲಿ ಅಬಕಾರಿಯಿಂದ ಎತ್ತಲು ಇಟ್ಟುಕೊಂಡ ಗುರಿ 40,000 ಕೋಟಿ ರೂಪಾಯಿ. ದಿನಕ್ಕೆ ಸುಮಾರು 110 ಕೋಟಿ. ಒಂಬತ್ತು ವಿಶ್ವವಿದ್ಯಾಲಯಕ್ಕೆ ಬೇಕೆಂದ 342 ಕೋಟಿ ಮೂರು ದಿನದ ಹೆಂಡದ ದುಡ್ಡು. ಆ ಹೆಂಡದ ದುಡ್ಡು ನಮ್ಮ ಕೇರಿಗಳಿಂದ, ನಮ್ಮ ಅಪ್ಪಂದಿರ ಜೇಬಿನಿಂದ, ನಮ್ಮ ಅವ್ವಂದಿರ ಕಣ್ಣೀರಿನಿಂದ ಹೋಗುವುದು ಎಲ್ಲರಿಗೂ ಗೊತ್ತು. ಅಪ್ಪನಿಂದ ತೆಗೆದುಕೊಂಡದ್ದನ್ನು ಮಗಳಿಗಾದರೂ ಕೊಡಿ ಸ್ವಾಮಿ!

ಇಲ್ಲಿ ಕೆಲವು ಬುದ್ಧಿವಂತರು ಎದ್ದು ಕೇಳುತ್ತಾರೆ. "ಮೊದಲು ಪ್ರಾಥಮಿಕ ಶಾಲೆ ಸರಿ ಮಾಡಿ, ಕಾಲೇಜಿಗೆ ಯಾಕೆ ಸುರೀತೀರಿ? ನಿಮ್ಮ ಜೋತಿಬಾ ಫುಲೆಯವರೇ ಹಾಗೆ ಹೇಳಿಲ್ಲವಾ?" ಹೌದು, 1882ರಲ್ಲಿ ಹಂಟರ್ ಆಯೋಗದ ಮುಂದೆ ಫುಲೆಯವರು ಹಾಗೆ ವಾದಿಸಿದರು. ರೈತಾಪಿ ಜನರ ಬೆವರಿನ ಕಂದಾಯವನ್ನು ಮೇಲುಜಾತಿಯವರ ಕಾಲೇಜಿಗೆ ಸುರಿಯುತ್ತೀರಿ, ಬಡವರ ಮಕ್ಕಳ ಪ್ರಾಥಮಿಕ ಶಾಲೆಗೆ ಬಿಡಿಗಾಸು ಹಾಕುತ್ತೀರಿ ಎಂದು ಬ್ರಿಟಿಷರನ್ನು ಝಾಡಿಸಿದರು. ಆ ಕಾಲದ ಕಾಲೇಜಿನೊಳಗೆ ನಾವು ಇರಲಿಲ್ಲ. ಇವತ್ತು ನಾವು ಸರ್ಕಾರಿ ಕಾಲೇಜಿಗೆ ಬಂದಿದ್ದೇವೆ, ಮೇಲುಜಾತಿಯವರು ಖಾಸಗಿಗೆ, ಪರದೇಶಕ್ಕೆ ಹೊರಟಿದ್ದಾರೆ. ನಾವು ಒಳಗೆ ಬಂದ ಹೊತ್ತಿಗೇ ಸರಿಯಾಗಿ ದೀಪ ಆರಿಸಿ 'ಇನ್ನು ಕಾಲೇಜಿಗೆ ದುಡ್ಡು ದಂಡ' ಅಂದರೆ ಅದು ಫುಲೆವಾದ ಅಲ್ಲ. ಹಳೆಯ ಮನುವಾದಕ್ಕೆ ಫುಲೆಯ ಪೇಟ ಸುತ್ತಿದ್ದಾರೆ ಅಷ್ಟೇ.

ಸರ್ಕಾರಿ ಕಾಲೇಜು ಸೊರಗಿದರೆ ಕೊಬ್ಬುವವರು ಯಾರು ಅನ್ನೋದಕ್ಕೆ ನಮ್ಮ ರಾಜ್ಯವೇ ಸಾಕ್ಷಿ. ಕ್ಯಾಪಿಟೇಶನ್ ನಿಷೇಧಕ್ಕೆ ಇಲ್ಲಿ 1984ರಲ್ಲೇ ಕಾಯ್ದೆ ಬಂತು. ಆದರೂ ಖಾಸಗಿ ಮೆಡಿಕಲ್ ಕಾಲೇಜುಗಳಲ್ಲಿ ಸರ್ಕಾರಿ ಸೀಟಿಗೆ ವರ್ಷಕ್ಕೆ 2,000 ರೂಪಾಯಿ, ರಾಜ್ಯದ ಬೇರೆ ಮಕ್ಕಳಿಗೆ 25,000, ಹೊರ ರಾಜ್ಯದವರಿಗೆ 60,000 ಅಂತ ಮೂರು ಬೆಲೆ ಇಟ್ಟಿದ್ದರು. 1992ರಲ್ಲಿ ಮೋಹಿನಿ ಜೈನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇದನ್ನು ಸಂವಿಧಾನಕ್ಕೆ ವಿರುದ್ಧ ಎಂದಿತು. ತೀರ್ಪು ಬಂತು, ಆಮೇಲೆ ಬೇರೆ ತೀರ್ಪುಗಳೂ ಬಂದವು, ಅಂಗಡಿ ಮಾತ್ರ ಮುಚ್ಚಲಿಲ್ಲ. ನಮಗೆ ಉಳಿದಿರುವ ಒಂದೇ ಬಾಗಿಲು ಸರ್ಕಾರಿ ಕಾಲೇಜು. ಅದನ್ನು ಬಿಟ್ಟುಕೊಡುವ ಹಾಗಿಲ್ಲ.

ಇನ್ನೊಂದು ಕಷ್ಟದ ಮಾತು ಆಡಬೇಕು. 2013ರಲ್ಲಿ ನಮ್ಮ ಜನಸಂಖ್ಯೆಗೆ ತಕ್ಕ ಪಾಲು ಬಜೆಟ್ಟಿನಲ್ಲಿ ಮೀಸಲಿಡುವ ಕಾಯ್ದೆಯನ್ನು ರಾಜ್ಯ ಮಾಡಿತು. ಎಸ್‌ಸಿಎಸ್‌ಪಿ, ಟಿಎಸ್‌ಪಿ ಕಾಯ್ದೆ. ಆ ದುಡ್ಡನ್ನು ಬೇರೆಡೆಗೆ ತಿರುಗಿಸಲು ದಾರಿ ಮಾಡಿದ್ದ 7ಡಿ ಕಲಮನ್ನು 2023ರಲ್ಲಿ ತೆಗೆದರು. ಸಂತೋಷ. ಆದರೆ ಅದೇ 2023-24ರಲ್ಲಿ ಗ್ಯಾರಂಟಿ ಯೋಜನೆಗಳಿಗೆ ಈ ದುಡ್ಡಿನಿಂದ ಸುಮಾರು 11 ಸಾವಿರ ಕೋಟಿ, 2024-25ರಲ್ಲಿ ಸುಮಾರು 14 ಸಾವಿರ ಕೋಟಿ ತೋರಿಸಿದರು. 'ನಿಮ್ಮವರೂ ಫಲಾನುಭವಿಗಳಲ್ಲವಾ' ಎಂದರು. ಹೌದು. ನಮ್ಮ ಅವ್ವಂದಿರು ಪುಕ್ಕಟೆ ಬಸ್ಸಿನಲ್ಲಿ ಹಾಸ್ಟೆಲಿಗೆ ನಮ್ಮನ್ನು ನೋಡೋಕೆ ಬರುತ್ತಾರೆ, ಎರಡು ಸಾವಿರದಲ್ಲಿ ನಮಗೆ ನೋಟ್ಸು ತರುತ್ತಾರೆ. ಆ ಯೋಜನೆಗಳ ವಿರುದ್ಧ ನಾವು ಒಂದು ಮಾತೂ ಆಡೋಲ್ಲ. ಆದರೆ ಪಕ್ಕದ ಸೀಟಿನ ಗೌಡರ ಹೆಣ್ಣುಮಗಳ ಟಿಕೆಟ್ಟು ಸಾಮಾನ್ಯ ಖಜಾನೆಯಿಂದ, ನಮ್ಮ ಅವ್ವನ ಟಿಕೆಟ್ಟು ನಮ್ಮ ಹಾಸ್ಟೆಲಿನ ಪಾಲಿನಿಂದ ಯಾಕೆ? ನಮ್ಮ ಅವ್ವ ಈ ರಾಜ್ಯದ ಪ್ರಜೆ ಅಲ್ಲವೇ?

ಬೈದು ಮನೆಗೆ ಹೋದರೆ ಸಾಲದು. ನಮ್ಮ ಬೇಡಿಕೆ ಸ್ಪಷ್ಟವಾಗಿರಬೇಕು.

ಒಂದು: ಪರಿಶಿಷ್ಟ ವಿದ್ಯಾರ್ಥಿಯಿಂದ ದಾಖಲಾತಿಯ ದಿನ ಯಾವ ಕಾಲೇಜೂ ಫೀಜು ಕೇಳಬಾರದು. ಓದಿನ ಭತ್ಯೆಯ ಮೊದಲ ಕಂತು ತರಗತಿ ಶುರುವಾದ ತಿಂಗಳೇ ಕೈಗೆ ಬರಬೇಕು. ತಡವಾದರೆ ತಡ ಮಾಡಿದ ಕಚೇರಿ ಉತ್ತರ ಹೇಳಬೇಕು, ವಿದ್ಯಾರ್ಥಿಯ ಪರೀಕ್ಷೆ ನಿಲ್ಲಬಾರದು.

ಎರಡು: ಪಿಯುಸಿ ಮತ್ತು ಪದವಿಯ ಮೊದಲ ಅರ್ಧ ವರ್ಷ ಕನ್ನಡದಿಂದ ಇಂಗ್ಲಿಷಿಗೆ ಸೇತುವೆ ತರಗತಿ ಇರಬೇಕು. ಸಂಜೆ ಸುಸ್ತಾದ ಮೇಲೆ ಮಾಡುವ ದಾನದ ಪಾಠ ಬೇಡ. ವೇಳಾಪಟ್ಟಿಯೊಳಗೆ, ಅಂಕದೊಂದಿಗೆ, ಕಾಯಂ ಮೇಷ್ಟ್ರಿಂದ ಆಗಬೇಕು.

ಮೂರು: ಅತಿಥಿ ಉಪನ್ಯಾಸಕರ ಹೆಸರಿನ ಈ ಹೊಸ ಜೀತ ಕೊನೆಯಾಗಬೇಕು. ಮೀಸಲಾತಿ ಪಾಲಿಸಿ ಖಾಲಿ ಹುದ್ದೆ ತುಂಬಬೇಕು.

ನಾಲ್ಕು: ಅರ್ಜಿ ಹಾಕಿದ ಪ್ರತಿಯೊಬ್ಬರಿಗೂ ಹಾಸ್ಟೆಲ್. ಆರು ಜನಕ್ಕೆ ನಾಲ್ಕು ಮಂಚದ ಲೆಕ್ಕ ಇನ್ನು ಸಾಕು. ಹೆಣ್ಣುಮಕ್ಕಳ ಹಾಸ್ಟೆಲ್ ಕಾಲೇಜಿಗೆ ನಡೆದು ಹೋಗುವಷ್ಟು ಹತ್ತಿರ ಇರಬೇಕು.

ಐದು: 1966ರಲ್ಲಿ ಕೊಠಾರಿ ಆಯೋಗ ರಾಷ್ಟ್ರೀಯ ಆದಾಯದ ನೂರಕ್ಕೆ 6ನ್ನು ಶಿಕ್ಷಣಕ್ಕೆ ಇಡಿ ಎಂದಿತು. 2020ರ ರಾಷ್ಟ್ರೀಯ ನೀತಿಯೂ ಅದೇ ಆರನ್ನು ಮತ್ತೆ ಬರೆಯಿತು. ಅರ್ಧ ಶತಮಾನ ದಾಟಿದರೂ ಗುರಿಯಾಗಿಯೇ ಉಳಿದ ಆ ಆರು ಖರ್ಚಾಗಿ ಕಾಣಬೇಕು. ನಮ್ಮ ಉಪಯೋಜನೆಯ ದುಡ್ಡು ನಮ್ಮ ಓದಿಗೆ ಬರಬೇಕು.

ಕೊನೆಯದಾಗಿ ನಮ್ಮ ಕೈಯಲ್ಲೇ ಇರುವ ಕೆಲಸ. ಸರ್ಕಾರದ ಹತ್ತಿರ ಇಲ್ಲದ ಲೆಕ್ಕವನ್ನು ನಾವು ಇಡೋಣ. ಪ್ರತಿ ಹಾಸ್ಟೆಲಿನಲ್ಲಿ ಒಂದು ಇನ್ನೂರು ಪುಟದ ನೋಟ್ ಬುಕ್ ತನ್ನಿ. ಅದಕ್ಕೆ 'ತಾರೀಖು ಪುಸ್ತಕ' ಅಂತ ಹೆಸರಿಡಿ. ಯಾರು ಯಾವ ದಿನ ಅರ್ಜಿ ಹಾಕಿದರು, ಯಾವ ದಿನ ದುಡ್ಡು ಬಂತು, ಎಷ್ಟು ಬಂತು, ಯಾರು ಓದು ಬಿಟ್ಟರು, ಯಾಕೆ ಬಿಟ್ಟರು, ಇಷ್ಟು ಬರೆಯಿರಿ. ಹಾಜರಿ ಪುಸ್ತಕದಲ್ಲಿ ಇಲ್ಲದ ಆ ಕಾಲಂ ನಮ್ಮ ಪುಸ್ತಕದಲ್ಲಿ ಇರಲಿ. ವರ್ಷದ ಕೊನೆಗೆ ಎಲ್ಲ ಹಾಸ್ಟೆಲುಗಳ ಪುಸ್ತಕ ಒಟ್ಟು ಹಾಕಿ, ಮಾಹಿತಿ ಹಕ್ಕಿನ ಅರ್ಜಿ ಜೊತೆಗಿಟ್ಟು, ಇಲಾಖೆಯ ಮೇಜಿನ ಮೇಲೆ ಇಡೋಣ. ಆಗ ಯಾರು ತಯಾರಿರಲಿಲ್ಲ ಅನ್ನೋದು ಗೊತ್ತಾಗುತ್ತದೆ.

ಜೊತೆಗೆ, ಮೂರನೇ ವರ್ಷದವರೇ, ಊಟದ ನಂತರ ಅರ್ಧ ಗಂಟೆ ಮೊದಲ ವರ್ಷದವರ ಜೊತೆ ಕೂರಿ. ಸೆಲ್ ಅಂದರೆ ಜೀವಕೋಶ ಕಣೋ ಅಂತ ಹೇಳಿಕೊಡಿ. ನಮಗೆ ಯಾರೂ ಹೇಳಿಕೊಡಲಿಲ್ಲ ಅನ್ನೋ ಸೇಡನ್ನು ತಮ್ಮಂದಿರ ಮೇಲೆ ತೀರಿಸಬೇಡಿ. ಇದು ಸರ್ಕಾರದ ಕೆಲಸಕ್ಕೆ ಬದಲಿ ಅಲ್ಲ. ಸರ್ಕಾರ ಬರುವವರೆಗೆ ನಮ್ಮವನು ಬೆಂಗಳೂರು ಬಸ್ಸು ಹತ್ತದ ಹಾಗೆ ಕೈ ಹಿಡಿದುಕೊಳ್ಳುವ ಕೆಲಸ.

ಆ ಗೆಳೆಯನ ಟ್ರಂಕನ್ನು ನಾವು ಹಾಸ್ಟೆಲ್ ಬಿಡುವಾಗ ಅವನ ಊರಿಗೆ ಮುಟ್ಟಿಸಿದೆವು. ಅವನ ಅವ್ವ ಬೀಗ ತೆಗೆಯಲಿಲ್ಲ. "ಅವನೇ ಬಂದು ತೆಗೀಲಿ ಕಣ್ರಪ್ಪ, ಪುಸ್ತಕ ಅವೆ ಅದರಲ್ಲಿ" ಎಂದು ಒಳಗೆ ಇಟ್ಟುಕೊಂಡರು. ಆ ತಾಯಿ ಇನ್ನೂ ಕಾಯುತ್ತಿದ್ದಾರೆ. ತಯಾರಿ ಇಲ್ಲದವರು ಯಾರು ಗೆಳೆಯರೇ, ಆ ಮನೆಯವರೋ, ಈ ಸರ್ಕಾರವೋ?

ಜೈ ಭೀಮ್.